ಹೊಳೆ ದಾಟದ ಬೆಕ್ಕು

ಬೆಕ್ಕಿನ ಉಚ್ಚೆಯ ಬಗ್ಗೆ ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ. ಆಗಲೂ ನಮ್ಮ ಓಣಿಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ನನಗೆ ಬುದ್ಧಿ ಹೇಳಲು ಬರುತ್ತಿದ್ದರು. ಅವರ ಮಾತಿಗೆ ಜಗ್ಗಿದ್ದರೆ ನನ್ನ ಬೆಕ್ಕು ಚಿಕ್ಕಿ ಭೀಮಾ ಹೊಳೆಯ ಆಚೆ ದಂಡೆಯಲ್ಲಿ ನಾಯಿಗಳ ಪಾಲಾಗುತ್ತಿದ್ದಳು.

ಅಫಜಲಪುರದಲ್ಲಿ ನಾನು ಕೌದಿ ಹೊಲಿಯುತ್ತಿದ್ದೆ. ಜನ ತಮ್ಮ ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಗಂಟು ಕಟ್ಟಿ ತಂದು ಕೊಡುವರು. ಅವನ್ನು ಒಗೆದು, ಹರಿದು, ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡಿ ಕೊಡುವುದು ನನ್ನ ಕೆಲಸ. ಬಟ್ಟೆಯ ಗಂಟು ಇದ್ದ ಮನೆಗೆ ಇಲಿ ಬಾರದೆ ಇರುವುದಿಲ್ಲ. ಅದಕ್ಕೇ ಚಿಕ್ಕಿಯನ್ನು ತಂದದ್ದು. ಹಣೆಯ ಮೇಲೆ ಒಂದು ಬಿಳಿ ಚುಕ್ಕೆ, ಉಳಿದಂತೆ ಕರೀ ಬೆಕ್ಕು. ಅವಳು ಬಂದ ಮೇಲೆ ನಮ್ಮ ಮನೆಯ ಒಂದು ಸೀರೆಯನ್ನೂ ಇಲಿ ಮುಟ್ಟಲಿಲ್ಲ. ನಾನು ಹೊಲಿಗೆಗೆ ಕುಳಿತರೆ ಹಾಸಿದ ಬಟ್ಟೆಯ ಮೂಲೆಯ ಮೇಲೆ ಬಂದು ಕೂಡುತ್ತಿದ್ದಳು, ಬಟ್ಟೆ ಜರುಗುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಜೊತೆಗೆ ದುಡಿದವಳು. ನನಗೆ ಅವಳ ಮೇಲೆ ಜೀವ ಇತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ?

ನಲವತ್ತೆಂಟರ ಸಂಕ್ರಾಂತಿ ಮುಗಿದಿತ್ತು. ರಜಾಕಾರರ ಗದ್ದಲದ ವರ್ಷ ಅದು. ಸಂಜೆಯಾದರೆ ಬಾಗಿಲು ಹಾಕಿಕೊಂಡು ಕೂಡುವ ಕಾಲ. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಿಂದ ಯಾರೋ "ಬಂದ್ರು! ಬಂದ್ರು!" ಎಂದು ಕೂಗಿದರು. ನನ್ನ ಗಂಡ ಎದ್ದವನೇ ಹೊರಬಾಗಿಲನ್ನು ಧಡಾರನೆ ಹಾಕಿದ. ಚಿಕ್ಕಿ ಹೊಸ್ತಿಲ ಮೇಲಿದ್ದಳು. ಮೈ ಒಳಗೆ ಬಂತು, ಬಾಲ ಬುಡದ ತನಕ ಬಾಗಿಲ ಸಂದಿಗೆ ಸಿಕ್ಕಿತು. ಅವಳು ಚೀರಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಂದದ್ದು ಯಾರು ಅಂತೀರಿ? ಕುದುರೆ ಮೇಲೆ ಕೂತ ಮದುಮಗನ ದಿಬ್ಬಣ!

ಮೂಳೆ ಮುರಿದ ಬಾಲ ಹಗ್ಗದ ತುಂಡಿನಂತೆ ಜೋತು ಬಿತ್ತು. ಅರಿಸಿನ, ಎಣ್ಣೆ ಹಚ್ಚಿದೆ. ಗಾಯ ಮಾಗಿತು. ಆದರೆ ಬೇರೆಯದೇ ಒಂದು ತೊಂದರೆ ಶುರುವಾಯಿತು. ಚಿಕ್ಕಿ ಕುಳಿತಲ್ಲಿ ಹಸಿ, ಎದ್ದಲ್ಲಿ ಹಸಿ, ನಡೆದ ದಾರಿಯುದ್ದ ಹನಿ. ಮಲಗಿದಾಗಲೂ ಸೋರುತ್ತಿತ್ತು. ಹಿಂಗಾಲಿನ ಕೂದಲು ಒದ್ದೆಯಾಗಿ ಅಂಟಿಕೊಂಡು ಚರ್ಮ ಕೆಂಪಗೆ ಸುಟ್ಟಂತಾಯಿತು. ಬೂದಿ ಹಾಕಿದ ಬುಟ್ಟಿಗೆ ಹೋಗಿಯೇ ಕೆಲಸ ಮುಗಿಸುತ್ತಿದ್ದ ಅಚ್ಚುಕಟ್ಟಿನ ಬೆಕ್ಕು ಅದು. ಈಗ ತನ್ನ ಮೈಯನ್ನೇ ಮೂಸಿ ನೋಡಿ ಅಲ್ಲಿಂದ ಎದ್ದು ಬೇರೆ ಕಡೆ ಹೋಗಿ ಕೂಡುತ್ತಿತ್ತು, ಅಲ್ಲಿಯೂ ಹಸಿ.

ಗೌಡರ ಮನೆಯಿಂದ ಬಂದ ಸೀರೆಗಳ ಗಂಟಿನ ಮೇಲೆ ಸೋರಿದಾಗ ಅವರ ಆಳು ಬಂದು ಗಂಟನ್ನು ಹೊತ್ತುಕೊಂಡೇ ಹೋದ. "ಬೆಕ್ಕಿನ ಉಚ್ಚಿ ಕೌದಿ ಯಾರ ಹೊಚಗೋತಾರ?" ಎಂದ. ಮಾತು ಓಣಿ ದಾಟಿ ಪೇಟೆಗೆ ಹೋಯಿತು. ನನ್ನ ಅತ್ತೆಗೆ ಅಷ್ಟೇ ಸಾಕಾಗಿತ್ತು. ಅತ್ತೆ ಎಂದರೆ ಗಟ್ಟಿ ಹೆಣ್ಣು. ಗಂಡ ಹೋದ ಮೇಲೆ ಕೂಲಿಗೆ ಹೋಗಿ ತೊಗರಿ ಕೊಯ್ದು, ರಾಶಿ ಮಾಡಿ ಮಗನನ್ನು ಬೆಳೆಸಿದವಳು. ಅವಳ ಮಾತೆಂದರೆ ಮನೆಯಲ್ಲಿ ಮಾತು.

"ಯುಗಾದಿ ಅಮಾಸಿಗೆ ಹೊಳಿ ದಂಡಿ ಮ್ಯಾಗಿನ ಘತ್ತರಗಿ ದೇವಿ ಕಡಿ ಹೋಗ್ತೇನಿ," ಎಂದಳು. "ಬರೂ ವರ್ಷಕ್ಕ ಈ ಮೈಲಿಗಿ ಮನ್ಯಾಗ ಇರಬಾರದು. ಬೆಕ್ಕನ್ನ ಚೀಲದಾಗ ಹಾಕಿ ಬಂಡ್ಯಾಗ ಇಡು. ಹೊಳಿ ದಾಟಿಸಿ ಬಿಟ್ಟ ಬರೂಣು."

ನಮ್ಮ ಕಡೆ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಹೆದರಿಕೆ. ಅದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಮರೆತುಹೋಗುತ್ತದಂತೆ. ಹಸಿದು ಸತ್ತರೆ ಅದರ ಹಣೆಬರಹ, ನಮ್ಮ ಕೈಗೆ ಪಾಪ ಅಂಟಲಿಲ್ಲ. ಎಂಥ ಜಾಣತನ!

ನನ್ನ ಗಂಡ ತೊಗರಿ ವ್ಯಾಪಾರಿಯ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ತಾಯಿಯ ಮುಂದೆ ಗಟ್ಟಿಯಾಗಿ ಮಾತಾಡುವವನಲ್ಲ, ಆದರೂ ಅವತ್ತು ಒಂದು ಮಾತು ತೆಗೆದ. "ಯವ್ವಾ, ಹೊಳಿ ಆಚಿ ದಂಡಿ ಹಿಂದೂಸ್ತಾನ ಸರಕಾರದ್ದು, ಈಚಿಕಡಿದು ನಿಜಾಮಂದು. ಮನಿಷ್ಯಾರನ್ನ ದಾಟಾಕ ಬಿಡವಲ್ರು, ಬೆಕ್ಕಿಗೆ ಚೀಟಿ ಯಾರ ಕೊಡ್ತಾರ?"

"ಅಂಬಿಗನ ಕೈಯಾಗ ಕೊಟ್ರ ಒಯ್ತಾನ, ನೀ ಸುಮ್ಮಿರು."

ನಾನು ಸುಮ್ಮನಿರಲಿಲ್ಲ. "ಅಮಾಸಿಗೆ ಇನ್ನೂ ಟೈಮ್ ಅದರಿ ಅತ್ತಿ. ಅಷ್ಟರಾಗ ಸೋರೂದು ನಿಲ್ಲಸ್ತೇನಿ. ನಿಲ್ಲಲಿಲ್ಲಂದ್ರ ಆಮ್ಯಾಲ ಮಾತಾಡ್ರಿ," ಎಂದೆ. ಹೇಗೆ ನಿಲ್ಲಿಸುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ, ಸಿಟ್ಟಿನಲ್ಲಿ ಅಂದುಬಿಟ್ಟೆ.

ಊರಿನಲ್ಲಿ ಸರಕಾರಿ ದನದ ದವಾಖಾನೆ ಇತ್ತು. ಅಲ್ಲಿನ ಡಾಕ್ಟರಿಗೆ ನಾವು ಸಲೋತ್ರಿ ಅನ್ನುತ್ತಿದ್ದೆವು. ಗಂಡನನ್ನು ಬೆನ್ನುಹತ್ತಿ ಚಿಕ್ಕಿಯನ್ನು ಬುಟ್ಟಿಯಲ್ಲಿಟ್ಟು ಕಳಿಸಿದೆ. ಎತ್ತು, ಕುದುರೆ ಹಿಡಿದು ನಿಂತವರ ನಡುವೆ ಬೆಕ್ಕಿನ ಬುಟ್ಟಿ ಹಿಡಿದು ನಿಲ್ಲಲು ಅವನಿಗೆ ಪ್ರಾಣಸಂಕಟ. ಸಲೋತ್ರಿ ಚಿಕ್ಕಿಯ ಹೊಟ್ಟೆ ಹಿಸುಕಿ ನೋಡಿ ಉರ್ದುವಿನಲ್ಲಿ ಏನೋ ಹೇಳಿದನಂತೆ. ಅಷ್ಟರಲ್ಲಿ ಯಾರದೋ ಕುದುರೆ ಹಗ್ಗ ಕಿತ್ತುಕೊಂಡು ಓಡಿತು, ಇವನು ಅದೇ ನೆಪ ಮಾಡಿ ಮನೆಗೆ ಓಡಿ ಬಂದ.

"ಏನಂದ್ರು?" ಎಂದೆ.

"ಪೇಶಾಬ್ ಬಂದ್ ಅಂದ್ರು."

"ಅಂದ್ರ?"

"ಅಂದ್ರೇನು, ಉಚ್ಚಿ ಬಂದ್ ಮಾಡ್ರಿ ಅಂತ. ಸೋರಾಕತ್ತದಲ್ಲ, ಬಂದ್ ಮಾಡಬೇಕು."

ಸರಿಯಾಗಿಯೇ ಕಂಡಿತು. ಸೋರುವುದನ್ನು ನಿಲ್ಲಿಸಬೇಕೆಂದರೆ ಒಳಗೆ ನೀರು ಹೋಗಬಾರದು. ಹಾಲು ನಿಲ್ಲಿಸಿದೆವು, ನೀರಿನ ಪರಟೆ ಎತ್ತಿಟ್ಟೆವು. ಒಣ ಜೋಳದ ರೊಟ್ಟಿ ಮುರಿದು ಹಾಕಿದೆವು. ಚಿಕ್ಕಿ ಬಚ್ಚಲ ಕಲ್ಲು ನೆಕ್ಕಲು ಹೋದರೆ ಅಲ್ಲಿಂದಲೂ ಓಡಿಸಿದೆವು. ಆದರೂ ಹನಿ ನಿಲ್ಲಲಿಲ್ಲ. ಹೊಟ್ಟೆ ಮಾತ್ರ ಕಲ್ಲಿನಂತೆ ಗಟ್ಟಿಯಾಯಿತು. ರೊಟ್ಟಿ ಮುಟ್ಟುವುದನ್ನೂ ಬಿಟ್ಟಳು, ವಾಂತಿ ಮಾಡಿಕೊಂಡಳು, ಕರೆದರೆ ತಲೆ ಎತ್ತಲಿಲ್ಲ.

"ಬಿಡು, ಅಮಾಸಿ ತನಾ ಬದಕೂದಿಲ್ಲ ಅದು," ಎಂದಳು ಅತ್ತೆ. ದನಿಯಲ್ಲಿ ಸಮಾಧಾನ ಇತ್ತು.

ನನಗೆ ಮೈಯೆಲ್ಲ ಉರಿಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದೆ, ಚಿಕ್ಕಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ನಾನೇ ಹೊರಟೆ. ಆ ಗದ್ದಲದ ದಿನಗಳಲ್ಲಿ ಹೆಂಗಸೊಬ್ಬಳು ಪೇಟೆ ಹಾದು, ಗಂಡಸರೇ ತುಂಬಿದ ದವಾಖಾನೆಗೆ ಬೆಕ್ಕು ಹೊತ್ತುಕೊಂಡು ಹೋಗುವುದೆಂದರೆ ಜನಕ್ಕೆ ಸಿನಿಮಾ ನೋಡಿದಂತೆ. ನೋಡಲಿ. ಕಣ್ಣು ಅವರವು.

ಸಲೋತ್ರಿ ಬಿಳೀ ಗಡ್ಡದ ಮನುಷ್ಯ, ಒಂದು ಹೋರಿಯ ಗೊರಸು ಕೆರೆಯುತ್ತಿದ್ದ. ನನ್ನನ್ನೂ ಬೆಕ್ಕನ್ನೂ ನೋಡಿ, ಉರ್ದು ಬಿಟ್ಟು ನಮ್ಮ ಮಾತಿನಲ್ಲೇ, "ಇದು ಅದss ಬೆಕ್ಕಲ್ಲೇನು? ಯಾಕ ಹಿಂಗಾತು? ಖಾಲಿ ಮಾಡಲಿಲ್ಲೇನು?" ಎಂದ.

"ಏನ ಖಾಲಿ ಮಾಡೂದ್ರಿ? ನೀವ ಹೇಳಿದಂಗ ನೀರ ಬಂದ್ ಮಾಡೀವಿ."

ಅವನು ಗೊರಸು ಬಿಟ್ಟು ನೆಟ್ಟಗೆ ನಿಂತ. "ನಾ ನೀರ ಬಂದ್ ಮಾಡ್ರಿ ಅಂದೆನೇನು? ಯಾ ಅಲ್ಲಾ! 'ಪೇಶಾಬ್ ಬಂದ್ ಹೈ' ಅಂದೆ. ಬಂದ್ ಅದ, ಬಂದ್ ಅದ ಅಂದೆ! ಬಂದ್ ಮಾಡು ಅಂದಿಲ್ಲ!"

"ಸೋರಾಕತ್ತದಲ್ರಿ ಸಾಹೇಬ್ರ. ಬಂದ್ ಹೆಂಗ ಅದ?"

"ತುಂಬಿ ತುಳಕಾಕತ್ತದ, ತಂಗಿ! ಬಾಗಲದಾಗ ಸಿಕ್ಕಾಗ ನರ ಹೋಗ್ಯದ. ಒಳಗಿನ ಚೀಲ ತುಂಬೂದು ಗೊತ್ತಾಗವಲ್ದು, ಖಾಲಿ ಮಾಡಾಕ ಬರವಲ್ದು. ಹೆಚ್ಚಾಗಿದ್ದು ಹನಿ ಹನಿ ಬೀಳ್ತದ. ನೀವು ಅದಕ್ಕ ನೀರಿಲ್ಲದ ಒಣಗಿಸೀರಿ! ತಲಿ ಅದನೋ ಇಲ್ಲೋ ನಿಮಗ?"

"ಬೈಯೂದು ಆಮ್ಯಾಲ ಬೈರಿ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಆದರೂ ದನಿ ಬಿಡಲಿಲ್ಲ. "ಮೊದಲ ಇದರ ಹೊಟ್ಟಿ ಖಾಲಿ ಮಾಡ್ರಿ. ಹೆಂಗ ಮಾಡ್ತೀರಿ ಅನ್ನೂದು ನನಗೂ ಕಲಸ್ರಿ. ಕಲೀಲಾರದ ನಾ ಇಲ್ಲಿಂದ ಏಳೂದಿಲ್ಲ."

ಹೋರಿಯವನು ನಕ್ಕ. ಸಲೋತ್ರಿ ನಗಲಿಲ್ಲ, ಕೈ ತೊಳೆದುಕೊಂಡು ಬಂದ.

ಚಿಕ್ಕಿಯನ್ನು ಮೇಜಿನ ಮೇಲೆ ನಿಲ್ಲಿಸಿದ. ಎಡಗೈಯಿಂದ ಅವಳ ಎದೆ ಹಿಡಿದು, ಬಲಗೈಯನ್ನು ಹಿಂಗಾಲುಗಳ ಮುಂದೆ ಹೊಟ್ಟೆಯಡಿ ಹಾಕಿದ. ಹೆಬ್ಬೆರಳು ಒಂದು ಮಗ್ಗುಲಿಗೆ, ನಾಲ್ಕು ಬೆರಳು ಇನ್ನೊಂದು ಮಗ್ಗುಲಿಗೆ. "ಇಲ್ಲಿ ನೋಡು, ನಿಂಬಿಹಣ್ಣಿನಂಗ ಸಿಗ್ತದ. ಈಗ ಕಿತ್ತಳಿಯಷ್ಟ ಆಗ್ಯದ. ಒಮ್ಮಿಗಲೇ ಹಿಸಕಬಾರದು, ಒಡದ ಹೋಗ್ತದ. ಮೆಲ್ಲಕ ಒತ್ತು. ಬಾಲದ ಕಡಿ ಒತ್ತು. ಹಿಡದ ನಿಲ್ಲು." ಅವನು ಮಾತು ಮುಗಿಸುವ ಮೊದಲೇ ಧಾರೆ ಬಿತ್ತು. ಎಷ್ಟು ಹೊತ್ತು ಬಿತ್ತು ಅಂತೀರಿ! ಕಡುಹಳದಿ, ನಾತ ಮೂಗಿಗೆ ಹೊಡೆಯುವಂಥದು. ಚಿಕ್ಕಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಪರಟೆಯಲ್ಲಿ ನೀರು ಇಟ್ಟರೆ ತಲೆ ಎತ್ತದೆ ಕುಡಿದಳು.

"ಮುಂಜಾನೆ, ಮಧ್ಯಾಹ್ನ, ಸಂಜಿಕ," ಎಂದ ಸಲೋತ್ರಿ. "ಒಂದ ಹೊತ್ತ ತಪ್ಪಿದ್ರೂ ಮತ್ತ ಕೊಳಿತದ. ರಗತ ಬಂದ್ರ ನನ್ನ ಕಡಿ ಬಾ. ಎಷ್ಟ ದಿನ ಅಂತ ಕೇಳಬ್ಯಾಡ. ಅದು ಇರೂತನಾ ಮಾಡಬೇಕಾಗ್ತದೇನೋ."

ಮನೆಗೆ ಬಂದು ಹೇಳಿದಾಗ ಗಂಡ ಹಣೆ ಹಣೆ ಬಡಿದುಕೊಂಡ. "ಹೈ ಅಂದ್ರ ಅದ, ನಾ ತಿಳದದ್ದು ಮಾಡು! ಇಷ್ಟss ಫರಕ್ಕು ನೋಡು. ಬೆಕ್ಕಿನ ಜೀವಾ ತೆಗಿತಿದ್ದೆ," ಎಂದ. ಬೈಯಲು ಬಾಯಿ ತೆಗೆದವಳು ಅವನ ಮುಖ ನೋಡಿ, ಚಿಕ್ಕಿಗೆ ನೀರಿಡಲು ಎದ್ದೆ. ನಾವು ದಿನವೂ ಆಡುವ ಮಾತೇ ಹಾಗೆ. ಬಾಗಿಲು ಬಂದ್, ಅಂಗಡಿ ಬಂದ್, ಪೇಟೆ ಬಂದ್. ಆ ವರ್ಷ ಅದೊಂದೇ ಮಾತು ಕೇಳುತ್ತಿತ್ತು. ಅದು ಆಗಿದೆಯೋ, ಮಾಡಬೇಕೋ ಎಂದು ಬಿಡಿಸಿ ಕೇಳುವ ವ್ಯವಧಾನ ಯಾರಿಗಿತ್ತು?

ದವಾಖಾನೆಯಲ್ಲಿ ನೋಡಿದ್ದನ್ನು ಮನೆಯಲ್ಲಿ ಮಾಡುವುದು ಸುಲಭವಾಗಲಿಲ್ಲ. ಮೊದಲ ಸಲ ನಿಂಬೆಹಣ್ಣು ಕೈಗೇ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು, ಜಾರಿತು. ಚಿಕ್ಕಿ ತಿರುಗಿ ಕಚ್ಚಿದಳು. ಹೆಬ್ಬೆರಳು ಊದಿಕೊಂಡು ಸೂಜಿ ಹಿಡಿಯಲು ಬರದಂತಾಯಿತು. ಆಮೇಲೆ ನನ್ನದೇ ದಾರಿ ಹಿಡಿದೆ. ಕೂತು ಮಾಡುವುದನ್ನು ಬಿಟ್ಟು ಕಟ್ಟೆಯ ಮೇಲೆ ಅವಳನ್ನು ನಿಲ್ಲಿಸಿ, ಅವಳ ತಲೆಯನ್ನು ನನ್ನ ಎಡ ಮೊಣಕೈಯ ಸಂದಿಯಲ್ಲಿ ಸೇರಿಸಿ, ಮಗ್ಗುಲು ನನ್ನ ಹೊಟ್ಟೆಗೆ ಒತ್ತಿಕೊಳ್ಳುವಂತೆ ಹಿಡಿದೆ. ಆಗ ಅವಳಿಗೂ ಆಸರೆ, ನನಗೂ. ಒತ್ತಿದಾಗ ಹೊಟ್ಟೆ ಬಿಗಿ ಹಿಡಿದರೆ ಕೈ ತೆಗೆಯುತ್ತಿರಲಿಲ್ಲ, ಒತ್ತುತ್ತಲೂ ಇರಲಿಲ್ಲ. ಹಾಗೇ ಹಿಡಿದು ನಿಲ್ಲುವುದು. ಬಿಗಿ ಸಡಿಲಾದ ಕೂಡಲೇ ಮೆಲ್ಲಗೆ ಹಿಂದಕ್ಕೆ ಒತ್ತುವುದು. ಕೆಳಗೆ ಒಂದು ಒಡಕು ಗಡಿಗೆ. ಧಾರೆ ನಿಂತ ಮೇಲೂ ಒಂದು ಸಲ ಮುಟ್ಟಿ ನೋಡಬೇಕು. ನಿಂಬೆ ಹೋಗಿ ಬರೀ ಮೆತ್ತಗಿನ ಚರ್ಮ ಸಿಕ್ಕರೆ ಕೆಲಸ ಮುಗಿದಂತೆ.

ಆಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹಿಂಗಾಲು ಒರೆಸಿ, ಒಣಗಿಸಿ, ಔಡಲೆಣ್ಣೆ ಹಚ್ಚುವುದು. ಸುಟ್ಟ ಚರ್ಮದ ಮೇಲಿನ ಕೂದಲನ್ನು ಕತ್ತರಿಯಿಂದ ತೆಗೆದೆ. ಮಲಗಲು ಸಣ್ಣ ಗಾದಿಗಳನ್ನು ಹೊಲಿದೆ. ಕೌದಿಗೆ ಬಾರದ ಚಿಂದಿಗಳನ್ನು ಒಳಗೆ ತುಂಬಿ, ಮೇಲೆ ತೊಳೆದು ತೊಳೆದು ಮೆತ್ತಗಾದ ಧೋತರದ ಪದರ. ಹೊಸ ಬಟ್ಟೆ ನೀರು ಹೀರುವುದಿಲ್ಲ, ಹಳೆಯದೇ ಹೀರುವುದು. ಎರಡು ಗಾದಿ ಒಣಗುವಾಗ ಒಂದು ಅವಳ ಕೆಳಗೆ. ಸವಳು ಮಣ್ಣು, ಬೂದಿನೀರು ಹಾಕಿ ತಿಕ್ಕಿ ತಿಕ್ಕಿ ಒಗೆದು ಉರಿಬಿಸಿಲಿಗೆ ಹಾಕಿದರೆ ನಾತ ಹೋಗುತ್ತಿತ್ತು. ಬೆಕ್ಕಿನ ಉಚ್ಚೆಯ ನಾತ ಅಂತಿಂಥದಲ್ಲ, ಒಂದು ನೀರಿಗೆ ಬಿಡುವುದಿಲ್ಲ. ಅದನ್ನು ಕಣ್ಣು ಕಟ್ಟಿದರೂ ಗುರುತು ಹಿಡಿಯುವಷ್ಟು ನಾನು ಪಳಗಿದೆ.

ಓಣಿಯವರು ನನಗೆ 'ಬೆಕ್ಕಿನ ಸೂಲಗಿತ್ತಿ' ಎಂದು ಹೆಸರಿಟ್ಟರು. "ಹೌದ್ರಿ, ನಿಮ್ಮ ಮನಿ ಬೆಕ್ಕಿಗೂ ಬೇಕಾದ್ರ ಹೇಳಿ ಕಳಸ್ರಿ," ಎನ್ನುತ್ತಿದ್ದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಚಿಕ್ಕಿ ಮೈ ತುಂಬಿಕೊಂಡಳು. ಹೊತ್ತು ಹೊತ್ತಿಗೆ ಖಾಲಿ ಮಾಡಿದರೆ ಮಧ್ಯೆ ಒಂದು ಹನಿಯೂ ಇಲ್ಲ. ನನ್ನ ಪಣ ಗೆದ್ದೆ ಎಂದೇ ಅಂದುಕೊಂಡೆ.

ಆದರೆ ಅತ್ತೆ ಒಪ್ಪಬೇಕಲ್ಲ! "ನಿನ್ನಿ ನನ್ನ ಹಾಸಿಗಿ ಹಸಿ ಮಾಡ್ಯದ," ಎನ್ನುವಳು. "ಇವತ್ತ ಮತ್ತ ನನ್ನ ಸೀರಿಗೆ ಹತ್ಯದ," ಎನ್ನುವಳು. ನಾನು ಚಿಕ್ಕಿಯ ಗಾದಿ ಮುಟ್ಟಿ ನೋಡಿದರೆ ಒಣಗಿದ ಗಾದಿ. ಅತ್ತೆಯ ಸೀರೆ ನೋಡೋಣವೆಂದರೆ ನಾನು ಏಳುವ ಮೊದಲೇ ಒಗೆದು ಹಾಕಿರುತ್ತಿದ್ದಳು. ಬೇಕೆಂದೇ ಸುಳ್ಳು ಹೇಳುತ್ತಾಳೆ, ಬೆಕ್ಕು ಕಂಡರೆ ಆಗದು ಅಂದುಕೊಂಡು ಹಲ್ಲು ಕಡಿಯುತ್ತಿದ್ದೆ.

ಅಮಾವಾಸ್ಯೆಯ ಬೆಳಿಗ್ಗೆ ಬಂಡಿ ಬಂದು ಬಾಗಿಲಿಗೆ ನಿಂತಿತು. ಓಣಿಯ ಇಬ್ಬರು ಹೆಂಗಸರು ಬುತ್ತಿಗಂಟು ಹಿಡಿದು ಆಗಲೇ ಏರಿ ಕುಳಿತಿದ್ದರು. ಗಂಡ ಗೋಣಿಚೀಲ ಹಿಡಿದು, ನನ್ನ ಮುಖ ನೋಡಲಾರದೆ ನಿಂತಿದ್ದ. ಅತ್ತೆ ಒಳಗಿನಿಂದ ತನ್ನ ಕೌದಿಯನ್ನು ತಂದು ಅಂಗಳದ ನಡುವೆ ಎಸೆದಳು.

"ನೋಡ್ರಿ ಎಲ್ಲಾರೂ! ಪೂರಾ ತೋದ ಹೋಗ್ಯದ. ನಿಂತದ, ನಿಂತದ ಅಂತಾಳ ನನ್ನ ಸೊಸಿ. ಇದss ಏನು ನಿಂತದ್ದು? ಹಾಕೋ ಅದನ್ನ ಚೀಲದಾಗ!"

ಚಿಕ್ಕಿ ಆ ರಾತ್ರಿಯೆಲ್ಲ ಬಟ್ಟೆಯ ಕೋಣೆಯಲ್ಲಿದ್ದಳು, ಚಿಲಕ ಹಾಕಿದವಳು ನಾನೇ. ಹೋಗಿ ಕೌದಿ ಎತ್ತಿಕೊಂಡೆ. ಅಂಗೈ ಅಗಲದ ಹಸಿಯಲ್ಲ, ನಡುವಿನಿಂದ ಕೆಳಗೆಲ್ಲ ಹಸಿ. ಅಷ್ಟು ನೀರು ಬೆಕ್ಕಿನೊಳಗೆ ಹಿಡಿಯುವುದಾದರೂ ಹೇಗೆ? ಮೂಗಿನ ಹತ್ತಿರ ತಂದೆ. ಬೆಕ್ಕಿನದಲ್ಲ. ಬೆಕ್ಕಿನದು ಅಲ್ಲವೇ ಅಲ್ಲ.

ಆಗ ಒಂದೊಂದೇ ಕಣ್ಣ ಮುಂದೆ ಬಂತು. ಅತ್ತೆ ಈಚೆಗೆ ಯಾರ ಮನೆಯಲ್ಲೂ ಕೂಡುತ್ತಿರಲಿಲ್ಲ. ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುವಳು. ಸಂಜೆಯಾದರೆ ಒಂದು ಗುಟುಕು ನೀರೂ ಬೇಡವೆನ್ನುವಳು. ನಸುಕಿನಲ್ಲಿ ತನ್ನ ಸೀರೆ ತಾನೇ ಒಗೆದುಕೊಳ್ಳುವಳು.

ತನ್ನ ಹಸಿಯನ್ನು ಬೆಕ್ಕಿನ ತಲೆಗೆ ಕಟ್ಟಿ, ಆ ಬೆಕ್ಕನ್ನು ಚೀಲದಲ್ಲಿ ಕಟ್ಟಿ! ನನಗೆ ಬಂದ ಸಿಟ್ಟಿಗೆ ಅಲ್ಲಿಯೇ ಕೂಗಿಬಿಡುತ್ತಿದ್ದೆ. ಬಾಯಿಯವರೆಗೆ ಬಂದಿತ್ತು ಮಾತು. ತಲೆ ಎತ್ತಿ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ನಾನು ಮೂಸಿದ್ದನ್ನು ನೋಡಿದ್ದಳು. ಯಾರಿಗೂ ತಲೆಬಾಗದ ಆ ಹೆಂಗಸು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಬಂಡಿಯಲ್ಲಿದ್ದ ಇಬ್ಬರೂ ಕತ್ತು ಚಾಚಿದ್ದರು. ನಾನು ಒಂದು ಮಾತು ಆಡಿದರೆ ಘತ್ತರಗಿ ಮುಟ್ಟುವುದರೊಳಗೆ ಅದು ಮೂರು ಊರಿಗೆ ಹಂಚಿಹೋಗುತ್ತಿತ್ತು. ಚಿಕ್ಕಿ ಉಳಿಯುತ್ತಿದ್ದಳು. ಅತ್ತೆ ಮತ್ತೆ ಓಣಿಯಲ್ಲಿ ತಲೆ ಎತ್ತುತ್ತಿರಲಿಲ್ಲ.

ಹೇಳುವುದಿಲ್ಲ ಎಂದುಕೊಂಡೆ. ಬೆಕ್ಕನ್ನೂ ಕೊಡುವುದಿಲ್ಲ. ಯಾರು ಏನು ಮಾಡುತ್ತಾರೋ ನೋಡೇಬಿಡೋಣ.

"ಹೌದ್ರಿ, ಬೆಕ್ಕss ಮಾಡ್ಯದ," ಎಂದೆ, ಓಣಿಗೆಲ್ಲ ಕೇಳುವಂತೆ. "ಇವತ್ತ ಮಾಡ್ಯದ, ನಾಳಿನೂ ಮಾಡ್ತದ. ಮಾಡಲಿ! ನಾ ಒಗಿತೇನಿ. ಮೈಯಾಗ ಕಸುವು ಇರೂತನಾ ಈ ಮನಿಗೆ ದುಡದ ಜೀವ ಅದು. ಈಗ ಸೋರಾಕತ್ತದಂತ ಚೀಲದಾಗ ಹಾಕಿ ಹೊಳಿ ದಾಟಸ್ತೀರೇನು? ನಾ ಇರೂತನಾ ಈ ಮನ್ಯಾಗ ಅದು ನಡಿಯೂದಿಲ್ಲ!"

ಬಂಡಿಯಿಂದ ಒಬ್ಬಳು ಕಿಸಕ್ಕನೆ ನಕ್ಕಳು. "ಬೆಕ್ಕಿಗೇ ಇಷ್ಟ ಮಾಡ್ತಿ ಬೇ. ನಾಳಿ ನಿಮ್ಮತ್ತಿಗೂ ಹಿಂಗss ಮಾಡ್ತೀಯೇನು?"

"ಮಾಡ್ತೇನಿ," ಎಂದೆ. "ಬಾಯಿ ಮುಚಗೊಂಡ ಮಾಡ್ತೇನಿ."

ಎತ್ತು ತಲೆ ಕೊಡವಿ ಗಂಟೆ ಆಡಿಸಿತು. ಅತ್ತೆ ಅಂಗಳ ದಾಟಿ ಹೋಗಿ ಮಗನ ಕೈಯಿಂದ ಗೋಣಿಚೀಲ ಕಸಿದುಕೊಂಡಳು. ನಾನು ಬಟ್ಟೆಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನ ಕಡೆ ಬರಲಿಲ್ಲ. ಚೀಲವನ್ನು ಝಾಡಿಸಿ ಬಂಡಿಯ ಹಲಗೆಯ ಮೇಲೆ ಹಾಸಿದಳು, ಅದರ ಮೇಲೆ ಏರಿ ಕುಳಿತಳು.

"ಹಲಗಿ ಚುಚ್ಚತಾವ," ಎಂದಳು. "ಹೊಡಿಯೋ ಬಂಡಿ. ಬಿಸಲಾಗ್ತದ."

ಮರುದಿನ ಯುಗಾದಿಯ ಸಂಜೆ ತಿರುಗಿ ಬಂದಳು. ದೇವಿಯ ಭಂಡಾರದ ಅರಿಸಿನವನ್ನು ನನ್ನ ಹಣೆಗೆ ಹಚ್ಚಿದಳು. ಕೈಕಾಲು ತೊಳೆದು, ನನ್ನ ಗಂಡ ಹೊರಗೆ ಹೋಗುವವರೆಗೆ ಅದು ಇದು ಎತ್ತಿಡುತ್ತ ಕಾದಳು. ಆಮೇಲೆ ನಾನು ಹೊಲಿಯುತ್ತಿದ್ದ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. ಚಿಕ್ಕಿ ತನ್ನ ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದಳು.

"ಬೆಕ್ಕಿಗೆ ಹೊಲಿತೀಯಲ್ಲ, ಆ ಗಾದಿ," ಎಂದಳು ಅತ್ತೆ, ಗೋಡೆ ನೋಡುತ್ತ. "ಅಂಥಾದ್ದ ಇನ್ನೊಂದ ಹೊಲಿ. ಈ ಸಲ ದೊಡ್ಡದ ಮಾಡು."

"ಎಷ್ಟ ದೊಡ್ಡದ್ರಿ ಅತ್ತಿ?"

ಅವಳು ಚಿಕ್ಕಿಯ ಕಡೆ ನೋಡಿದಳು. "ಬೆಕ್ಕ ಬೆಳ್ಯಾಕತ್ತದಲ್ಲ," ಎಂದಳು.

ಚಿಕ್ಕಿ ಹಲ್ಲು ಉದುರುವ ವಯಸ್ಸಿನ ಬೆಕ್ಕು.

"ಹೌದ್ರಿ," ಎಂದೆ. "ಭಾಳ ಬೆಳ್ಯಾಕತ್ತದ." ಗಂಟು ಬಿಚ್ಚಿ, ಇದ್ದುದರಲ್ಲೇ ಮೆತ್ತಗಿನ ಧೋತರ ಆರಿಸಿ, ಬಾಗಿಲಲ್ಲಿ ನಿಂತವಳ ಅಗಲ ಉದ್ದವನ್ನು ಕಣ್ಣಲ್ಲೇ ಅಳೆದು ಬಟ್ಟೆ ಹರಿದೆ.